ನುಡಿಯ ನಂಟು: ಬೇಲಿಯ ಮೇಲೆ ಕುಳಿತವರು

'ಟು ಸಿಟ್ ಆನ್ ದಿ ಫೆನ್ಸ್' ಎಂಬ ಆಂಗ್ಲ ನುಡಿಗಟ್ಟಿಗೆ 'ಬೇಲಿಯ ಮೇಲೆ ಕುಳಿತುಕೊಳ್ಳುವುದು' ಎಂದು ಅಕ್ಷರಶಃ ಅರ್ಥ ಬರೆದ ಹುಡುಗನಿಗೆ ನಾನು ಅಂಕ ನೀಡಲಿಲ್ಲ. "ಮುಳ್ಳು ಚುಚ್ಚುವುದಿಲ್ಲವೆ, ಸಾರ್?" ಎಂದು ಅವನು ಕೇಳಿದ ಪ್ರಶ್ನೆಗಾದರೂ ನೀಡಬೇಕಿತ್ತು. ಕಾಂಗೇಯದ ಮೇವುಗಾಡುಗಳನ್ನು ಸುತ್ತುವರಿದ ಕಿಳುವೈ ಮುಳ್ಳುಬೇಲಿಯನ್ನು ಕಂಡವರಿಗೆ ಆ ಸಂದೇಹ ಸಹಜವೇ. ಮರದ ಅಡ್ಡಪಟ್ಟಿಯ ಬೇಲಿಯುಳ್ಳ ನಾಡಿನ ನುಡಿಯದು. ಯಾವ ಪಕ್ಷವನ್ನೂ ಹಿಡಿಯದೆ ಕಾದು ಕುಳಿತವನನ್ನು ಹಳಿಯುತ್ತದೆ. ತಮಿಳರು 'ಮದಿಲ್ ಮೇಲ್ ಪೂನೈ' ಎನ್ನುವರು. ನಮ್ಮ 'ಅಡ್ಡಗೋಡೆಯ ಮೇಲಿನ ದೀಪ' ಇದಕ್ಕೆ ಸಮೀಪವಾದರೂ, ಅದು ಇಬ್ಬಗೆಯ ಮಾತಿಗೆ ಸಲ್ಲುವುದೇ ಹೊರತು ಕುಳಿತವನಿಗಲ್ಲ.

ಶಾಲಾ ದಾಖಲಾತಿಯ ವೇಳೆ ಮಾತೃಭಾಷೆ ಯಾವುದೆಂದು ಕೇಳಿದರೆ, ಮನೆಯಲ್ಲಿ ಕನ್ನಡವನ್ನೇ ಆಡುವ ನಮ್ಮ ದೇವಾಂಗ, ಒಕ್ಕಲಿಗ ಮನೆತನಗಳ ಕೆಲವು ತಂದೆಯರು, "ಯಾವುದಾದರೂ ಬರೆದುಕೊಳ್ಳಿ, ಸಾರ್" ಎನ್ನುವರು. ಇದನ್ನು ಔದಾರ್ಯವೆಂದು ನಾನು ಒಪ್ಪಲಾರೆ. 2011ರ ಜನಗಣತಿಯಲ್ಲಿ ಮಾತೃಭಾಷೆಯನ್ನು ಬರೆಸಿದ ಮೇಲೂ ಬಲ್ಲ ಇತರ ಎರಡು ಭಾಷೆಗಳಿಗೆ ಪ್ರತ್ಯೇಕ ಸ್ಥಳವಿತ್ತು. ಕನ್ನಡವೆಂದು ಬರೆಸಿದವರ ತಮಿಳಿಗೆ ಅಲ್ಲಿ ಎಡೆಯಿದ್ದೇ ಇತ್ತು. 'ಯಾವುದಾದರೂ' ಎಂದವರ ಕನ್ನಡವನ್ನು ಗಣತಿದಾರನು ಎಲ್ಲಿಂದ ತಂದು ಬರೆಯಬೇಕು?