ತಂದೆ-ತಾಯಿಯನ್ನು ‘ಅವಲಂಬಿತರು’ ಎಂದು ತೋರಿಸಿದರೆ ತೆರಿಗೆ ಉಳಿಯುತ್ತದೆಯೇ?

ರಿಟರ್ನ್ಸ್ ಸಲ್ಲಿಸುವ ಸಮಯ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತೆರಿಗೆ ಉಳಿಸುವ ಸಲಹೆಗಳು ಹರಿದಾಡುತ್ತವೆ. ವಯಸ್ಸಾದ ತಂದೆ-ತಾಯಿ ನಿಮ್ಮ ಮನೆಯಲ್ಲಿದ್ದರೆ ಅವರನ್ನು ಅವಲಂಬಿತರೆಂದು ತೋರಿಸಿ, ತೆರಿಗೆ ಇಳಿಯುತ್ತದೆ ಎಂಬುದು ಅವುಗಳಲ್ಲೊಂದು. ಇದು ನಿಜವೇ?

ಇಲ್ಲ. ಭಾರತದಲ್ಲಿ ಪ್ರತಿಯೊಬ್ಬರ ಆದಾಯಕ್ಕೂ ಪ್ರತ್ಯೇಕ ತೆರಿಗೆ. ಮನೆಯಲ್ಲಿ ಎಷ್ಟು ಜನರನ್ನು ಸಾಕುತ್ತೀರಿ ಎಂಬ ಲೆಕ್ಕಕ್ಕೆ ರಿಯಾಯಿತಿ ಇಲ್ಲ. ಅಂಥ ಪದ್ಧತಿ ಇರುವುದು ಅಮೆರಿಕದಲ್ಲಿ. ಅಲ್ಲಿ ಕೂಡ ಅವಲಂಬಿತರು ಅಮೆರಿಕದ ಪ್ರಜೆಯೋ ನಿವಾಸಿಯೋ, ಇಲ್ಲವೇ ಕೆನಡಾ ಅಥವಾ ಮೆಕ್ಸಿಕೊ ನಿವಾಸಿಯೋ ಆಗಿರಬೇಕು. ಹಾಗಾಗಿ ಅಲ್ಲಿ ದುಡಿಯುವ ಮಗ, ಮೈಸೂರಿನಲ್ಲಿರುವ ಭಾರತೀಯ ಪ್ರಜೆಗಳಾದ ಅಪ್ಪ-ಅಮ್ಮನನ್ನು ಆ ಪಟ್ಟಿಗೆ ಸೇರಿಸಲಾಗದು.

ಹಾಗಾದರೆ ಇಲ್ಲಿ ಏನೂ ಸಿಗುವುದಿಲ್ಲವೇ? ಸಿಗುತ್ತದೆ. ಆದರೆ ಸಂಬಂಧಕ್ಕಲ್ಲ, ನಿರ್ದಿಷ್ಟ ಖರ್ಚಿಗೆ. 1961ರ ಕಾಯ್ದೆಯ ಮೂರು ಸೆಕ್ಷನ್‌ಗಳನ್ನು ನೋಡೋಣ.

80ಡಿ: ತಂದೆ-ತಾಯಿಯ ಆರೋಗ್ಯ ವಿಮೆಯ ಕಂತನ್ನು ನೀವು ಕಟ್ಟಿದರೆ ವರ್ಷಕ್ಕೆ 25,000 ರೂಪಾಯಿವರೆಗೆ, ಅವರಿಗೆ 60 ವರ್ಷ ತುಂಬಿದ್ದರೆ 50,000ದವರೆಗೆ ಕಡಿತ. ಅವರು ನಿಮ್ಮ ಅವಲಂಬಿತರೇ ಆಗಿರಬೇಕಿಲ್ಲ. ಪಿಂಚಣಿ ಬರುತ್ತಿದ್ದರೂ ಸರಿ. ವಿಮೆಯೇ ಇಲ್ಲದ ಹಿರಿಯರ ಚಿಕಿತ್ಸಾ ವೆಚ್ಚವನ್ನೂ ಈ ಮಿತಿಯೊಳಗೆ ತೋರಿಸಬಹುದು. ಆದರೆ ನಗದು ಪಾವತಿ ನಡೆಯದು. ಅತ್ತೆ-ಮಾವ ಇದರಲ್ಲಿ ಬರುವುದಿಲ್ಲ.

80ಡಿಡಿ: ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದೇ. ಶೇ 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಸಂಗಾತಿ, ಮಕ್ಕಳು, ತಂದೆ-ತಾಯಿ, ಅಣ್ಣ-ತಮ್ಮ ಅಥವಾ ಅಕ್ಕ-ತಂಗಿ ನಿಮ್ಮನ್ನೇ ನಂಬಿದ್ದು, ಅವರ ಆರೈಕೆಗೆ ನೀವು ಖರ್ಚು ಮಾಡುತ್ತಿದ್ದರೆ, ಖರ್ಚು ಎಷ್ಟೇ ಇರಲಿ 75,000 ರೂಪಾಯಿ ಕಡಿತ. ಶೇ 80 ಅಥವಾ ಹೆಚ್ಚು ಇದ್ದರೆ 1,25,000. ಸರ್ಕಾರಿ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರ ಬೇಕು. ಅವರೇ ತಮ್ಮ ಹೆಸರಿನಲ್ಲಿ 80ಯು ಅಡಿ ಕಡಿತ ಪಡೆದಿದ್ದರೆ ನಿಮಗೆ ಸಿಗದು.

80ಡಿಡಿಬಿ: ಕ್ಯಾನ್ಸರ್‌ನಂಥ ನಿಗದಿತ ಕಾಯಿಲೆಗಳ ಚಿಕಿತ್ಸೆಗೆ 40,000, ರೋಗಿ ಹಿರಿಯ ನಾಗರಿಕರಾದರೆ 1,00,000 ರೂಪಾಯಿವರೆಗೆ. ತಜ್ಞ ವೈದ್ಯರ ಚೀಟಿ ಬೇಕು. ವಿಮೆಯಿಂದ ಬಂದ ಹಣವನ್ನು ಕಳೆಯಬೇಕು.

ಕಡಿತ ಎಂದರೆ ಅಷ್ಟೇ ತೆರಿಗೆ ಉಳಿಯಿತು ಎಂದಲ್ಲ; ತೆರಿಗೆ ಬೀಳುವ ಆದಾಯ ಅಷ್ಟು ಕಡಿಮೆಯಾಯಿತು ಎಂದು. ಶೇ 20ರ ಹಂತದಲ್ಲಿರುವವರಿಗೆ 50,000 ಕಡಿತದಿಂದ ಉಳಿಯುವುದು ಸೆಸ್ ಸೇರಿ 10,400 ರೂಪಾಯಿ.

ಇನ್ನೊಂದು ಮುಖ್ಯ ವಿಷಯ: ಈ ಮೂರೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಹಳೆಯದು ಬೇಕಿದ್ದರೆ ಕೊನೆಯ ದಿನಾಂಕದೊಳಗೆ ರಿಟರ್ನ್ಸ್ ಸಲ್ಲಿಸಿ, ಅದನ್ನು ಆರಿಸಿಕೊಳ್ಳಬೇಕು. ಹೊಸ ಪದ್ಧತಿಯಲ್ಲಿ ದರಗಳು ಕಡಿಮೆ. ಆದ್ದರಿಂದ ಎರಡರಲ್ಲೂ ಲೆಕ್ಕ ಹಾಕಿ ನೋಡಿ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವ 2025ರ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ ಎಂಬುದೂ ನೆನಪಿರಲಿ.

ಇಲ್ಲದ ಖರ್ಚನ್ನು ತೋರಿಸಿ ಸಿಕ್ಕಿಬಿದ್ದರೆ, ತಪ್ಪಿಸಿದ ತೆರಿಗೆಯ ಶೇ 200ರಷ್ಟು ದಂಡ ಬೀಳಬಹುದು. ಮೆಸೇಜ್ ಕಳಿಸಿದವರು ಅದನ್ನು ಕಟ್ಟಿಕೊಡುವುದಿಲ್ಲ. ಮುಂದಿನ ಬಾರಿ ಆ ಸಲಹೆ ಬಂದಾಗ ಹಾಗೆಯೇ ದಾಟಿಸಬೇಡಿ. ಅಂಗವಿಕಲ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುತ್ತಿರುವವರು ನಿಮಗೆ ಗೊತ್ತಿದ್ದರೆ, ಅವರಿಗೆ 80ಡಿಡಿ ಬಗ್ಗೆ ತಿಳಿಸಿ.