ವಿಳಾಸವೇ ಬೇರೆ, ದಾರಿಯೇ ಬೇರೆ

ಭಾರತದ ಒಂದು ಹಳ್ಳಿಯ ಅಂಚೆಪೆಟ್ಟಿಗೆಗೆ ಹಾಕಿದ ಪತ್ರವು ಸಮುದ್ರಗಳನ್ನು ದಾಟಿ ಜಪಾನಿನ ಮನೆಯೊಂದರ ಬಾಗಿಲನ್ನು ಸೇರುತ್ತದೆ. ಅದು ಯಾವ ವಾಹನವನ್ನೇರಿತು, ಯಾವ ಊರಿನಲ್ಲಿ ಚೀಲ ಬದಲಾಯಿಸಿತು ಎಂಬುದರ ಅರಿವು ಬರೆದವನಿಗಿಲ್ಲ. ಇರಬೇಕಾದ ಅಗತ್ಯವೂ ಇಲ್ಲ. ವಿಳಾಸವನ್ನು ಸ್ಫುಟವಾಗಿ ಬರೆಯುವುದಷ್ಟೇ ಅವನ ಹೊಣೆ. ಮುಟ್ಟಿಸುವುದು ಅಂಚೆಯ ಹೊಣೆ. ಇದು ಸಹಜವೆಂದು ತೋರಿದರೂ ತಾನಾಗಿ ಒದಗಿಬಂದ ಸೌಕರ್ಯವಲ್ಲ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಒಪ್ಪಂದವೊಂದಕ್ಕೆ ಸಹಿ ಹಾಕುವವರೆಗೆ ದೇಶದೇಶಗಳ ನಡುವೆ ಬೇರೆಬೇರೆ ದರಗಳೂ ಬೇರೆಬೇರೆ ಕರಾರುಗಳೂ ಇದ್ದವು. ಅದಾಗಿ ಸುಮಾರು ನೂರು ವರ್ಷಗಳ ಅನಂತರ ಗಣಕಯಂತ್ರಗಳ ಲೋಕದಲ್ಲಿ ಇದೇ ಕಥೆ ಮರುಕಳಿಸಿತು. ಅದನ್ನು ಇಂದಿನ ವಿದ್ಯಾರ್ಥಿಗಳು ಅರಿಯುವುದು ಅವಶ್ಯಕ. ಏಕೆಂದರೆ ಅಂದು ಶ್ರಮಪಟ್ಟು ಗಳಿಸಿದ್ದನ್ನು ಇಂದಿನ ಜಗತ್ತು ಸದ್ದಿಲ್ಲದೆ ಕಳೆದುಕೊಳ್ಳುತ್ತಿದೆ.

ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ 1969ರಲ್ಲಿ ಆರ್ಪಾನೆಟ್ ಎಂಬ ಗಣಕಜಾಲವು ಆರಂಭವಾಯಿತು. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ತಂತ್ರಜ್ಞನು ಆ ಜಾಲದ ಮೂಲಕ ಒಂದು ಗಣಕದಿಂದ ಮತ್ತೊಂದಕ್ಕೆ ಸಂದೇಶವನ್ನು ಕಳುಹಿಸಿದನು. ವ್ಯಕ್ತಿಯ ಹೆಸರು, ಅನಂತರ @ ಚಿಹ್ನೆ, ಅನಂತರ ಗಣಕದ ಹೆಸರು ಎಂಬ ವಿಳಾಸದ ಕ್ರಮವನ್ನು ಇತ್ತವನು ಆತನೇ. ವಿದ್ಯುನ್ಮಾನ ಅಂಚೆಯು ಅಲ್ಪಕಾಲದಲ್ಲಿಯೇ ಆ ಜಾಲದ ಅತ್ಯಂತ ಪ್ರಿಯವಾದ ಉಪಯೋಗವೆನಿಸಿತು. ಆದರೆ ಆ ಜಾಲದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ರಕ್ಷಣಾ ಇಲಾಖೆಯ ಕೆಲಸಕ್ಕೆ ಸಂಬಂಧಪಟ್ಟ ಸಂಸ್ಥೆಗಳಿಗೆ ಮಾತ್ರ ಅಲ್ಲಿ ಪ್ರವೇಶ. ಉಳಿದ ವಿಶ್ವವಿದ್ಯಾಲಯಗಳ ವಿದ್ವಾಂಸರು ಹೊರಗೇ ನಿಲ್ಲಬೇಕಾಯಿತು.

ಹೊರಗುಳಿದವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ತಮತಮಗೆ ಸಾಧ್ಯವಾದ ಜಾಲಗಳನ್ನು ಕಟ್ಟಿಕೊಂಡರು. ಬೆಲ್ ಪ್ರಯೋಗಾಲಯದಲ್ಲಿ ಮೈಕ್ ಲೆಸ್ಕ್ 1970ರ ದಶಕದ ಉತ್ತರಾರ್ಧದಲ್ಲಿ ರೂಪಿಸಿದ ಯುಯುಸಿಪಿ ವಿಧಾನಕ್ಕೆ ಸಾಧಾರಣ ದೂರವಾಣಿ ತಂತಿಯೇ ಸಾಕಾಗಿತ್ತು. ದರ ಕಡಿಮೆಯಿರುವ ರಾತ್ರಿಯ ವೇಳೆ ಒಂದು ಯುನಿಕ್ಸ್ ಗಣಕವು ಮತ್ತೊಂದಕ್ಕೆ ಕರೆಮಾಡಿ ಸಂಗ್ರಹವಾದ ಪತ್ರಗಳನ್ನು ಒಪ್ಪಿಸುತ್ತಿತ್ತು. ಅದು ಮುಂದಿನದಕ್ಕೆ ಒಪ್ಪಿಸುತ್ತಿತ್ತು. 1981ರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ ಮತ್ತು ಯೇಲ್ ವಿಶ್ವವಿದ್ಯಾಲಯಗಳ ನಡುವೆ ಬಿಟ್‌ನೆಟ್ ಹುಟ್ಟಿತು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ ಸಿಎಸ್‌ನೆಟ್ ಮೊದಲಾಯಿತು. 1984ರಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗಾಗಿ ಜಾನೆಟ್ ಬಂದಿತು. ಮನೆಗಳಲ್ಲಿ ಪುಟ್ಟ ಗಣಕಗಳನ್ನಿಟ್ಟುಕೊಂಡಿದ್ದ ಹವ್ಯಾಸಿಗಳಿಗಾಗಿ ಟಾಮ್ ಜೆನ್ನಿಂಗ್ಸ್ ಅದೇ ವರ್ಷ ಫಿಡೋನೆಟ್ ಆರಂಭಿಸಿದನು. ಹೀಗೆ ಒಂದೊಂದು ಜಾಲವೂ ಒಂದೊಂದು ದ್ವೀಪವಾಯಿತು. ಒಂದೊಂದು ದ್ವೀಪಕ್ಕೂ ತನ್ನದೇ ಆದ ವಿಳಾಸ ಪದ್ಧತಿ.

ಯುಯುಸಿಪಿ ಜಾಲದ ಪದ್ಧತಿಯಂತೂ ವಿಚಿತ್ರವಾದುದು. ಅಲ್ಲಿ ವಿಳಾಸವೆಂದರೆ ವ್ಯಕ್ತಿ ಇರುವ ಠಾವಲ್ಲ, ಅವನನ್ನು ತಲುಪುವ ದಾರಿ. ಪತ್ರವು ಹಾದುಹೋಗಬೇಕಾದ ಗಣಕಗಳ ಹೆಸರುಗಳನ್ನೆಲ್ಲ ಆಶ್ಚರ್ಯಸೂಚಕ ಚಿಹ್ನೆಯಿಂದ ಬೆಸೆದು ‘ಡೆಕ್‌ವ್ಯಾಕ್ಸ್!ಸೀಸ್ಮೊ!ಎಂಸಿವ್ಯಾಕ್ಸ್!’ ಎಂದು ಬರೆದು ಕೊನೆಯಲ್ಲಿ ಪಡೆಯುವವನ ಹೆಸರನ್ನಿಡಬೇಕು. ಡೆಕ್‌ವ್ಯಾಕ್ಸ್ ಎಂಬುದು ಡಿಜಿಟಲ್ ಕಂಪನಿಯ ಯಂತ್ರ. ಸೀಸ್ಮೊ ವರ್ಜೀನಿಯಾದ ಭೂಕಂಪನ ಅಧ್ಯಯನ ಕೇಂದ್ರದ ಯಂತ್ರ. ಎಂಸಿವ್ಯಾಕ್ಸ್ ಆಮ್‌ಸ್ಟರ್‌ಡಾಮ್ ನಗರದ ಗಣಿತ ಕೇಂದ್ರದ ಯಂತ್ರ. ನಡುವಿನ ಯಾವುದಾದರೂ ಒಂದು ಯಂತ್ರ ಕೆಟ್ಟರೆ ಪತ್ರವು ಅಲ್ಲಿಯೇ ನಿಲ್ಲುತ್ತಿತ್ತು. ದಾರಿಯನ್ನು ಹುಡುಕುವ ಹೊಣೆ ಅಂಚೆಯವನದಲ್ಲ, ಪತ್ರ ಬರೆದವನದೇ! ಈ ಕಷ್ಟವನ್ನು ನೀಗಲೆಂದೇ ಜಾಲದ ನಕ್ಷೆಗಳನ್ನು ಆಗಿಂದಾಗ್ಗೆ ಪ್ರಕಟಿಸುತ್ತಿದ್ದರು. ಸ್ಟೀವನ್ ಬೆಲೋವಿನ್ ಮತ್ತು ಪೀಟರ್ ಹನಿಮನ್ ಆ ನಕ್ಷೆಗಳನ್ನೋದಿ ಸೂಕ್ತ ಮಾರ್ಗವನ್ನು ತಾನೇ ಲೆಕ್ಕಹಾಕುವ ಪಾತ್‌ಅಲಿಯಾಸ್ ಎಂಬ ಕ್ರಮವಿಧಿಯನ್ನು ಬರೆದುಕೊಟ್ಟರು.

ಜಾಲದಿಂದ ಜಾಲಕ್ಕೆ ಹೋಗುವಾಗ ತೊಡಕು ಇಮ್ಮಡಿಯಾಗುತ್ತಿತ್ತು. ಬಿಟ್‌ನೆಟ್‌ನ ಐಬಿಎಂ ಯಂತ್ರಗಳು ಅಕ್ಷರಗಳಿಗೆ ಬಳಸುತ್ತಿದ್ದ ಸಂಕೇತವೇ ಬೇರೆ. ಆದಕಾರಣ ಎರಡು ಜಾಲಗಳು ಕೂಡುವೆಡೆಯ ‘ಗೇಟ್‌ವೇ’ ಎಂಬ ಗಣಕದಲ್ಲಿ ಭಾಷಾಂತರವಾಗುವಾಗ ಆವರಣಚಿಹ್ನೆಗಳಂಥವು ರೂಪಗೆಡುತ್ತಿದ್ದವು. ಬ್ರಿಟನ್ನಿನಲ್ಲಿ ವಿಳಾಸದ ಅಂಗಗಳನ್ನು ದೇಶದಿಂದ ಆರಂಭಿಸಿ ವಿಭಾಗದಲ್ಲಿ ಮುಗಿಸುತ್ತಿದ್ದರು. ಅಮೆರಿಕದಲ್ಲಿ ವಿಭಾಗದಿಂದ ಆರಂಭಿಸಿ ಮೇಲಕ್ಕೇರುತ್ತಿದ್ದರು. ಒಬ್ಬರ ತಲೆ ಮತ್ತೊಬ್ಬರಿಗೆ ಬಾಲ. ಬ್ರಿಟನ್ನಿನ ಗಣಕವಿಜ್ಞಾನ ವಿಭಾಗಗಳು ‘ಸಿಎಸ್’ ಎಂಬ ಅಕ್ಷರಗಳನ್ನು ಬಳಸುತ್ತಿದ್ದವು. ಮುಂದೆ ಚೆಕೊಸ್ಲೊವಾಕಿಯ ದೇಶಕ್ಕೂ ಅದೇ ಅಕ್ಷರಗಳು ಸಂದಾಗ, ಪತ್ರ ಹೋಗಬೇಕಾದುದು ವಿಭಾಗಕ್ಕೋ ದೇಶಕ್ಕೋ ಎಂಬ ಗೊಂದಲ ತಲೆದೋರಿತು. ಒಂದೇ ವಿಳಾಸದಲ್ಲಿ ! ಮತ್ತು @ ಎರಡೂ ಬಂದರೆ ಯಾವುದನ್ನು ಮೊದಲು ಓದಬೇಕೆಂಬುದಕ್ಕೆ ಒಂದೊಂದು ಯಂತ್ರ ಒಂದೊಂದು ಅರ್ಥ ಹೇಳುತ್ತಿತ್ತು. % ಚಿಹ್ನೆಯನ್ನು ನಡುವೆ ತೂರಿಸುವ ಉಪಾಯವೂ ಬಳಕೆಗೆ ಬಂದಿತು. ಇಂಥ ಸಂಗತಿಗಳನ್ನು ವಿವರಿಸಲು 1989ರಲ್ಲಿ ಡೊನಲಿನ್ ಫ್ರೇ ಮತ್ತು ರಿಕ್ ಆಡಮ್ಸ್ ಒಂದು ಕೈಪಿಡಿಯನ್ನೇ ಪ್ರಕಟಿಸಬೇಕಾಯಿತು. ಅದರ ಶೀರ್ಷಿಕೆ ಆರಂಭವಾಗುತ್ತಿದ್ದುದೇ ಈ ಚಿಹ್ನೆಗಳಿಂದ!

ಈ ಅವ್ಯವಸ್ಥೆಗೆ ಎರಡು ಬಗೆಯ ಪರಿಹಾರಗಳು ತೋರಿದವು. ಮೊದಲನೆಯದು ಮೇಲಿನಿಂದ ಇಳಿದುಬಂದ ಪರಿಹಾರ. ದೂರಸಂಪರ್ಕ ಇಲಾಖೆಗಳ ಅಂತರರಾಷ್ಟ್ರೀಯ ಸಮಿತಿಯು 1984ರಲ್ಲಿ ಎಕ್ಸ್.400 ಎಂಬ ವಿಧಿಯನ್ನು ಅಂಗೀಕರಿಸಿತು. ಅದರಲ್ಲಿ ಸಕಲ ಸಂದರ್ಭಗಳಿಗೂ ಅವಕಾಶವಿತ್ತು. ಆದರೆ ವಿಳಾಸದಲ್ಲಿಯೇ ದೇಶ, ಸಾರ್ವಜನಿಕ ಸೇವಾಸಂಸ್ಥೆ, ಖಾಸಗಿ ಸಂಸ್ಥೆ ಮುಂತಾದುವನ್ನೆಲ್ಲ ನಮೂದಿಸಬೇಕಾಗಿತ್ತು. ಕೆಲವು ಕ್ಷೇತ್ರಗಳಲ್ಲಿ ಬಳಕೆಯಾದರೂ ಅದು ಜನಸಾಮಾನ್ಯರ ಅಂಚೆಯಾಗಲಿಲ್ಲ.

ಎರಡನೆಯದು ಕೆಳಗಿನಿಂದ ಬೆಳೆದ ಪರಿಹಾರ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್‌ಮನ್ ಕೆಲಸ ಮಾಡುತ್ತಿದ್ದ ಯೋಜನೆಯ ಗಣಕಕ್ಕೆ ಆರ್ಪಾನೆಟ್ ಸಂಪರ್ಕವಿತ್ತು. ಅಂಚೆಗಾಗಿ ಆ ಯಂತ್ರದಲ್ಲಿ ಜಾಗ ಕೇಳುವವರು ಹಲವರು. ಎಲ್ಲರನ್ನೂ ಒಂದೇ ಯಂತ್ರದ ಮುಂದೆ ಕೂರಿಸುವುದಕ್ಕಿಂತ ಅವರವರ ಯಂತ್ರಕ್ಕೇ ಪತ್ರವನ್ನು ಮುಟ್ಟಿಸುವುದು ಲೇಸೆಂದು ಆತನು ಬಗೆದನು. ಹೀಗೆ ಮೊದಲಾದ ಪ್ರಯತ್ನವೇ 1983ರ ವೇಳೆಗೆ ಸೆಂಡ್‌ಮೇಲ್ ಆಯಿತು. ಅದು ಯಾರ ವಿಳಾಸ ಪದ್ಧತಿಯನ್ನೂ ತಪ್ಪೆನ್ನಲಿಲ್ಲ. ಒಂದನ್ನು ಮತ್ತೊಂದಕ್ಕೆ ಪರಿವರ್ತಿಸಿ ಸಾಗಿಸಿತು. ಇತ್ತ 1982ರಲ್ಲಿ ಪತ್ರದ ಸಾಗಣೆಯ ನಿಯಮವನ್ನು ಜಾನ್ ಪೋಸ್ಟೆಲ್, ಪತ್ರದ ರೂಪದ ನಿಯಮವನ್ನು ಡೇವಿಡ್ ಕ್ರಾಕರ್ ಪ್ರಕಟಿಸಿದ್ದರು. 1983ರಲ್ಲಿ ಪಾಲ್ ಮಾಕಪೆಟ್ರಿಸ್ ಗಣಕಗಳಿಗೆ ಹೆಸರಿಡುವ ಡೊಮೇನ್ ವ್ಯವಸ್ಥೆಯನ್ನು ರೂಪಿಸಿದನು. ಒಂದು ಹೆಸರಿಗೆ ಬಂದ ಅಂಚೆಯನ್ನು ಯಾವ ಗಣಕಕ್ಕೆ ಒಪ್ಪಿಸಬೇಕೆಂಬುದನ್ನು ಆ ವ್ಯವಸ್ಥೆಯಲ್ಲಿಯೇ ನೋಡಿ ತಿಳಿಯುವ ಕ್ರಮವನ್ನು 1986ರಲ್ಲಿ ಕ್ರೇಗ್ ಪಾರ್ಟ್ರಿಜ್ ವಿವರಿಸಿದನು.

ಈ ಕೊನೆಯ ಹೆಜ್ಜೆ ಚಿಕ್ಕದಾಗಿ ಕಂಡರೂ ಅದರ ಫಲ ಹಿರಿದು. ಅಂದಿನಿಂದ ವಿಳಾಸವೇ ಬೇರೆ, ದಾರಿಯೇ ಬೇರೆ ಆಯಿತು. ದೂರವಾಣಿ ತಂತಿಯೊಂದನ್ನೇ ನೆಚ್ಚಿದ್ದ ಬಡ ಕಾಲೇಜಿಗೂ ಸಿರಿವಂತ ಸಂಸ್ಥೆಗೂ ಒಂದೇ ಬಗೆಯ ವಿಳಾಸ ದೊರೆಯಿತು. ಒಳಗಿನ ಜಾಲ ಯಾವುದೆಂದು ಹೊರಗಿನವರು ಕೇಳಬೇಕಾಗಿರಲಿಲ್ಲ. ಯಾವ ಜಾಲವೂ ಉಳಿದವನ್ನು ನುಂಗಬೇಕಾಗಿರಲಿಲ್ಲ. ಪತ್ರದ ಹೊದಿಕೆಯ ವಿಚಾರದಲ್ಲಿ ಮಾತ್ರ ಒಮ್ಮತವಿದ್ದರೆ ಸಾಕಾಗಿತ್ತು.

ಇದರ ಫಲವನ್ನು ಭಾರತವೂ ಉಂಡಿತು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಅರ್ನೆಟ್ ಯೋಜನೆಯನ್ನು ಕೈಗೊಂಡಿತು. ಅದರ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಆರಂಭದಲ್ಲಿ ಅಂಚೆ ಸಾಗಿದ್ದು ದೂರವಾಣಿ ತಂತಿಯ ಮೇಲೆ, ಯುಯುಸಿಪಿ ವಿಧಾನದಿಂದಲೇ. ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರವು ದೇಶದ ಹೆಬ್ಬಾಗಿಲಾಗಿ 1989ರಲ್ಲಿ ಅಮೆರಿಕದ ಯುಯುನೆಟ್‌ನೊಡನೆ ಸಂಪರ್ಕ ಪಡೆಯಿತು. ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಹಲವು ವರ್ಷ ಮೊದಲೇ ಇಲ್ಲಿನ ವಿದ್ವಾಂಸರಿಗೆ ಹೊರದೇಶದ ಸಹೋದ್ಯೋಗಿಗಳೊಡನೆ ಪತ್ರವ್ಯವಹಾರ ಸಾಧ್ಯವಾಗಿತ್ತೆಂದರೆ, ಅದು ಜಾಲಗಳ ನಡುವೆ ಬಾಗಿಲುಗಳಿದ್ದುದರಿಂದ.

ವ್ಯಾಪಾರಿ ಸಂಸ್ಥೆಗಳೂ ಕೊನೆಗೆ ಈ ದಾರಿಗೆ ಬಂದವು. ಎಂಸಿಐ ಮೇಲ್, ಕಂಪ್ಯುಸರ್ವ್ ಮೊದಲಾದ ಸೇವೆಗಳು ಅಮೆರಿಕದಲ್ಲಿ ಚಂದಾದಾರರನ್ನು ಪಡೆದು ತಮ್ಮತಮ್ಮ ಆವರಣಗಳನ್ನು ಕಟ್ಟಿಕೊಂಡಿದ್ದವು. 1989ರಲ್ಲಿ ವಿಂಟ್ ಸರ್ಫ್ ಅವರ ಪ್ರಯತ್ನದಿಂದ, ಸರ್ಕಾರದ ಅನುಮತಿಯೊಡನೆ, ಎಂಸಿಐ ಮೇಲ್ ಇಂಟರ್‌ನೆಟ್‌ಗೆ ಜೋಡಣೆಗೊಂಡಿತು, ಉಳಿದವೂ ಹಿಂಬಾಲಿಸಿದವು. ಬಾಗಿಲು ತೆರೆದುದರಿಂದ ಅಂಚೆಯ ಬೆಲೆ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಇಂದಿನ ಸ್ಥಿತಿಯನ್ನು ನೋಡಿದರೆ ಚಕ್ರವು ಹಿಂದಕ್ಕೆ ತಿರುಗಿದಂತೆ ಭಾಸವಾಗುತ್ತದೆ. ಮನೆಯ ಮಾತು, ವ್ಯಾಪಾರದ ಮಾತು, ಪಾಠಶಾಲೆಯ ಪ್ರಕಟಣೆ ಎಲ್ಲವೂ ಈಗ ದೂರವಾಣಿಯಲ್ಲಿನ ಸಂದೇಶ ಸೇವೆಗಳ ಮೂಲಕ ನಡೆಯುತ್ತಿವೆ. ವಾಟ್ಸ್‌ಆ್ಯಪ್ ಬಳಸುವವನು ಟೆಲಿಗ್ರಾಮ್ ಬಳಸುವವನಿಗೆ ತನ್ನ ಸೇವೆಯಿಂದಲೇ ಬರೆಯಲಾರನು. ಇಬ್ಬರೂ ಒಂದೇ ಆವರಣದೊಳಕ್ಕೆ ಬರಬೇಕು. ತಂತಿ ಒಂದೇ, ಯಂತ್ರ ಒಂದೇ. ಆದರೂ ನಡುವೆ ಗೋಡೆ. ಅಂದಿನ ಗೋಡೆಗಳಿಗೆ ಸಾಧನಗಳ ಕೊರತೆ ಬಹುಮಟ್ಟಿಗೆ ಕಾರಣವಾಗಿತ್ತು. ಇಂದಿನವುಗಳಿಗೆ ವ್ಯಾಪಾರದ ಲೆಕ್ಕಾಚಾರವೇ ಮುಖ್ಯ ಕಾರಣ. ಯುರೋಪಿನ ಒಕ್ಕೂಟವು 2022ರಲ್ಲಿ ಮಾಡಿದ ಡಿಜಿಟಲ್ ಮಾರುಕಟ್ಟೆಗಳ ಕಾನೂನು, ನಿಗದಿಯಾದ ದೊಡ್ಡ ಸಂದೇಶ ಸೇವೆಗಳು ಕೇಳಿಬಂದ ಇತರ ಸೇವೆಗಳಿಗೆ ಬಾಗಿಲು ತೆರೆಯಬೇಕೆಂದು ವಿಧಿಸಿದೆ. ಒಮ್ಮೆ ಸದ್ಭಾವದಿಂದ ಆದ ಕಾರ್ಯಕ್ಕೆ ಈಗ ಶಾಸನದ ಬಲ ಬೇಕಾಯಿತೆಂಬುದು ಚಿಂತಿಸತಕ್ಕ ಸಂಗತಿ.

ತೆರೆದ ಬಾಗಿಲಿನಿಂದ ಕಳ್ಳನೂ ಬರುವನೆಂಬ ಆಕ್ಷೇಪಣೆಯಿದೆ. ಅದು ನಿಜವೂ ಹೌದು. 1978ರಲ್ಲಿಯೇ ಆರ್ಪಾನೆಟ್‌ನ ನೂರಾರು ಮಂದಿಗೆ ಬೇಡದ ಜಾಹೀರಾತೊಂದು ಹೋಗಿತ್ತು. ಇಂದು ವಿದ್ಯುನ್ಮಾನ ಅಂಚೆಯನ್ನು ಕಸದ ಪತ್ರಗಳೂ ವಂಚಕರ ಪತ್ರಗಳೂ ಮುತ್ತಿಕೊಂಡಿವೆ. ಬರೆದವನು ಮತ್ತು ಓದುವವನ ಹೊರತು ಅನ್ಯರಿಗೆ ತಿಳಿಯದಂತೆ ಸಂದೇಶವನ್ನು ಗೂಢಲಿಪಿಯಲ್ಲಿ ಕಾಪಾಡುವ ಏರ್ಪಾಡು ಎರಡು ಭಿನ್ನ ಸೇವೆಗಳ ನಡುವೆ ಕಠಿಣವಾದುದೆಂಬುದೂ ಸತ್ಯ. ಆದರೆ ಕಳ್ಳನ ಭಯಕ್ಕೆ ಬಾಗಿಲಿಗೆ ಅಗುಳಿ ಹಾಕುವುದು ಒಂದು, ಬಾಗಿಲನ್ನೇ ಗೋಡೆಯಾಗಿ ಕಟ್ಟಿಬಿಡುವುದು ಮತ್ತೊಂದು. ಮುಚ್ಚಿದ ಆವರಣದೊಳಗೂ ವಂಚಕರು ಇದ್ದೇ ಇದ್ದಾರೆ. ಅಲ್ಲಿ ಹೆಚ್ಚಾಗಿರುವುದು ಒಡೆಯನ ಅಧಿಕಾರ; ಅವನು ಸೇವೆಯನ್ನು ನಿಲ್ಲಿಸಿದರೆ ಪತ್ರಗಳೂ ಪರಿಚಯಗಳೂ ಒಟ್ಟಿಗೆ ಹೋಗುತ್ತವೆ.

ಬಿಟ್‌ನೆಟ್, ಸಿಎಸ್‌ನೆಟ್, ಆರ್ಪಾನೆಟ್ ಇವೊಂದೂ ಇಂದು ಉಳಿದಿಲ್ಲ. ಅವುಗಳ ನಡುವೆ ಪತ್ರ ಸಾಗಿಸಲು ಒಪ್ಪಿಕೊಂಡ ನಿಯಮ ಮಾತ್ರ ತಿದ್ದುಪಡಿಗಳೊಡನೆ ಉಳಿದುಬಂದಿದೆ. ಅಂದು ತಮ್ಮ ಸಂಸ್ಥೆಯ ದೂರವಾಣಿ ವೆಚ್ಚದಲ್ಲಿ, ತಮ್ಮ ಯಂತ್ರದ ಮೂಲಕ, ಗುರುತು ಪರಿಚಯವಿಲ್ಲದವರ ಪತ್ರಗಳನ್ನು ಮುಂದಕ್ಕೆ ಸಾಗಿಸಿದವರು ಹಲವರು. ಅಂಥ ಪತ್ರಗಳಿಂದ ಅವರಿಗೆ ನೇರವಾದ ಲಾಭವೇನೂ ಇರಲಿಲ್ಲ. ನೆರೆಯ ಜಾಲದ ಪತ್ರವೂ ಪತ್ರವೇ ಎಂದು ಅವರು ಬಗೆದರು. ಮುಂದೆ ಯಂತ್ರಗಳನ್ನು ರೂಪಿಸುವ ಭಾಗ್ಯ ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರದಾಗುವುದು ನಿಶ್ಚಯ. ಅವರು ಕಟ್ಟುವ ಮನೆ ಎಷ್ಟೇ ಭವ್ಯವಾಗಿರಲಿ, ನೆರೆಮನೆಯ ಪತ್ರಕ್ಕೆ ಅದರಲ್ಲಿ ಒಂದು ಬಾಗಿಲಿರಲಿ.