ಜಾತ್ರಿಗೆ ತಾರೀಖು ಐತಿ, ಫುಟ್ಬಾಲಿಗೆ ಯಾಕಿಲ್ಲ?

ಅಕ್ಕಲಕೋಟ: ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆ ಯಾವಾಗ ಎಂದು ಈ ಭಾಗದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಸಂಕ್ರಾಂತಿ ಬಂತೆಂದರೆ ನಂದಿಧ್ವಜಗಳು ಹೊರಡುತ್ತವೆ, ಮೈದಾನದಲ್ಲಿ ಅಂಗಡಿಗಳು ಬೀಳುತ್ತವೆ. ಆಟಿಗೆ ಸಾಮಾನು ಮಾರುವವ ತಿಂಗಳ ಮೊದಲೇ ಮಾಲು ತರಿಸಿರುತ್ತಾನೆ. ಹೆಣ್ಣುಮಕ್ಕಳು ತವರಿಗೆ ಬರುವ ದಿನ ಗುರುತು ಹಾಕಿಕೊಂಡಿರುತ್ತಾರೆ. ಯಾರೋ ಮುಂಬಯಿಯಲ್ಲಿ ಕೂತು ‘ಈ ವರ್ಷ ಜಾತ್ರೆ ಆಗುತ್ತೋ ಇಲ್ಲೋ ನೋಡೋಣ’ ಎಂದು ಹೇಳುವ ಪ್ರಶ್ನೆಯೇ ಇಲ್ಲ.

2025ರಲ್ಲಿ ದೇಶದ ದೊಡ್ಡ ಫುಟ್ಬಾಲ್ ಲೀಗಿಗೆ ಆದದ್ದು ಅದೇ. ಸೆಪ್ಟೆಂಬರ್ ಬಂತು, ಆಟ ಇಲ್ಲ. ದಸರಾ ಹೋಯಿತು, ದೀಪಾವಳಿ ಹೋಯಿತು, ಆಟ ಇಲ್ಲ. ಅಕ್ಕಲಕೋಟದ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಒಬ್ಬ ಬೆಂಗಳೂರು ಎಫ್‌ಸಿ ಅಭಿಮಾನಿ ಆ ದಿನಗಳಲ್ಲಿ ದಿನಾ ಸಂಜೆ ಚಹಾದಂಗಡಿಯಲ್ಲಿ ಒಂದೇ ಮಾತು ಆಡುತ್ತಿದ್ದ: “ಸೋತ್ರ ಸೋಲ್ಲಿ ಬಿಡ್ರಿ, ಆಟರೆ ಆಗ್ಲಿ.”

ಮಹಾರಾಷ್ಟ್ರದಲ್ಲಿದ್ದು ಬೆಂಗಳೂರಿನ ತಂಡಕ್ಕೆ ಯಾಕೆ ಇಷ್ಟು ಹೊಟ್ಟೆ ಉರಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಅದೇ ಅಂಗಡಿಯಲ್ಲಿ ಅವನ ಗೆಳೆಯನೊಬ್ಬ ಮುಂಬಯಿ ಸಿಟಿ ಪಕ್ಷ. ಪಂದ್ಯ ಸೋತ ಮರುದಿನ ಮುಂಜಾನೆ ತಪ್ಪದೆ ಕೇಳುತ್ತಾನೆ, “ಕಾಯ್ ಝಾಲಂ ರೇ ತುಝ್ಯಾ ಬೆಂಗಳೂರಚಂ?” ಇಬ್ಬರೂ ಒಂದೇ ಓಣಿಯವರು, ಒಬ್ಬರ ಮನೆಯ ಹೋಳಿಗೆ ಇನ್ನೊಬ್ಬರ ಮನೆಗೆ ಹೋಗುತ್ತದೆ. ಶಾಲೆ ಮಾತ್ರ ಬೇರೆ: ಒಬ್ಬ ಕನ್ನಡ ಶಾಲೆ, ಇನ್ನೊಬ್ಬ ಮರಾಠಿ ಶಾಲೆ. ರೇಷನ್ ಕಾರ್ಡ್, ಏಳು-ಬಾರಾ ಉತಾರ, ಎಸ್‌ಟಿ ಬಸ್ಸಿನ ಪಾಸು ಎಲ್ಲವೂ ಮರಾಠಿಯಲ್ಲಿರುವ ಮನುಷ್ಯ, ಆಟದಲ್ಲಾದರೂ ತನ್ನ ಮಾತಿನ ಕಡೆಗೆ ಒಂದು ತಂಡ ಇರಲಿ ಎಂದುಕೊಂಡರೆ ಅದರಲ್ಲಿ ತಪ್ಪೇನು? ಈ ಪ್ರೀತಿ ರಾಜಕೀಯವೇನಲ್ಲ. ಕ್ರಿಕೆಟ್ಟಿನಲ್ಲಿ ಇದೇ ಮನುಷ್ಯ ತೆಂಡೂಲ್ಕರ್ ಭಕ್ತ.

ಗಡಿಯ ಮಂದಿಗೆ ಈ ತಂಡ ಕೊಟ್ಟ ಒಂದು ರಾತ್ರಿಯನ್ನು ಮರೆಯಲು ಆಗದು. 2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವದಲ್ಲೇ ಐಎಸ್‌ಎಲ್ ಫೈನಲ್ ಇತ್ತು. ಸ್ವಂತ ಮನೆಯಂಗಳದಲ್ಲಿ ಚೆನ್ನೈಯಿನ್ ಎದುರು 3-2ರಿಂದ ಸೋತರು. ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು, ಮತ್ತೆ ಫೈನಲ್. ಈ ಸಲ ಮುಂಬಯಿಯ ಅಂಧೇರಿಯಲ್ಲಿ, ಎದುರಿಗೆ ಎಫ್‌ಸಿ ಗೋವಾ. ತೊಂಬತ್ತು ನಿಮಿಷ ಆಯಿತು, ಗೋಲು ಇಲ್ಲ. ಹೆಚ್ಚುವರಿ ಆಟವೂ ಮುಗಿಯುತ್ತ ಬಂತು. 117ನೇ ನಿಮಿಷಕ್ಕೆ ಕಾರ್ನರಿನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟ. 1-0, ಕಪ್ಪು ಬೆಂಗಳೂರಿಗೆ. ಆಡಿದ್ದು ಮಹಾರಾಷ್ಟ್ರದ ನೆಲದಲ್ಲಿ, ಗೋಲು ಹೊಡೆದದ್ದು ಮುಂಬಯಿಯ ಹುಡುಗ, ಗೆದ್ದದ್ದು ಬೆಂಗಳೂರು. ಚಹಾದಂಗಡಿಯ ಮುಂಬಯಿ ಗೆಳೆಯ ಅಂದು ಅಂದದ್ದು ಇಷ್ಟೇ: “ಭೇಕೆ ಆಮಚಾಚ್ ಕೀ!” ಆ ಮಾತಿಗೆ ಇಬ್ಬರೂ ಚಹಾ ಕುಡಿದರು. ಗಡಿ ವಿವಾದದ ಬಗ್ಗೆ ಎಷ್ಟು ಸಮಿತಿ ಕೂತರೂ ಇಂಥದ್ದೊಂದು ಒಪ್ಪಂದ ಆಗಲಿಲ್ಲ, ಅದು ಬೇರೆ ಮಾತು.

ಭೇಕೆ ನಂತರ ಮುಂಬಯಿ ಸಿಟಿಗೆ ಹೋದ. 2024ರಲ್ಲಿ ಮರಳಿ ಬೆಂಗಳೂರಿಗೆ ಬಂದ. ತವರಿಗೆ ಹೋಗಿ ಬಂದ ಹಾಗೆ.

ಈ ತಂಡದ ಜಾತಕವೇ ಹೀಗೆ, ಏರಿದಷ್ಟೇ ಇಳಿಯುತ್ತದೆ. 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ಲಿಗೆ ಹೋಗಿ ದೋಹಾದಲ್ಲಿ ಇರಾಕಿನ ತಂಡದೆದುರು 1-0ರಿಂದ ಸೋತಿತು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಆ ಫೈನಲ್ ಮುಟ್ಟಿರಲಿಲ್ಲ. 2022ರಲ್ಲಿ ಡ್ಯೂರಾಂಡ್ ಕಪ್, ಮರುವರ್ಷ ಐಎಸ್‌ಎಲ್ ಫೈನಲ್‌ನಲ್ಲಿ ಪೆನಾಲ್ಟಿ ಸೋಲು. 2023-24ರಲ್ಲಿ ನೋಡಿದರೆ 12 ತಂಡಗಳಲ್ಲಿ 10ನೆಯದು.

ಆ ತಳದಿಂದ ಎದ್ದು ಬಂದ 2024-25ರ ಹಂಗಾಮು ಅಭಿಮಾನಿಗಳ ಪಾಲಿಗೆ ಹಬ್ಬ. ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ದೇಶದ ತಂಡದಿಂದ ನಿವೃತ್ತಿ ಹೇಳಿದ್ದರು. ಇನ್ನೇನು ಕ್ಲಬ್ಬಿಗೂ ಕೈ ಮುಗಿಯುತ್ತಾರೆ ಎಂದು ಎಲ್ಲರ ಅಂದಾಜು. ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಮೂರು ಗೋಲು ಹೊಡೆದು ತಂಡವನ್ನು 4-2ರಿಂದ ಗೆಲ್ಲಿಸಿದರು. ವಯಸ್ಸು 40. ಆ ಹಂಗಾಮಿನಲ್ಲಿ ಅವರು ಹೊಡೆದದ್ದು 14 ಗೋಲು, ಭಾರತದ ಆಟಗಾರರಲ್ಲಿ ಎಲ್ಲರಿಗಿಂತ ಹೆಚ್ಚು. 2025ರ ಮಾರ್ಚ್‌ನಲ್ಲಿ ದೇಶದ ತಂಡ ಮತ್ತೆ ಅವರನ್ನೇ ಕರೆಯಿತು. ಮನೆಯ ಹಿರಿಯ ಹೊಲ ಬಿಟ್ಟರೂ ಹೊಲ ಅವನನ್ನು ಬಿಡಲಿಲ್ಲ ಎಂಬಂತೆ.

ಇಲ್ಲೊಂದು ಕಟು ಮಾತು ಹೇಳಲೇಬೇಕು. 40 ವರ್ಷದ ಆಟಗಾರ ಗೋಲು ಹೊಡೆದ ಎಂದು ಚಪ್ಪಾಳೆ ತಟ್ಟುವುದು ಸರಿ. ಆದರೆ ಅವನ ಜಾಗಕ್ಕೆ ಬರುವ 20 ವರ್ಷದ ಹುಡುಗ ಎಲ್ಲಿ? ಕ್ಲಬ್ಬಿನ ವಸತಿ ಅಕಾಡೆಮಿ ಇರುವುದು ಬಳ್ಳಾರಿ ಕಡೆಯ ವಿಜಯನಗರದಲ್ಲಿ, ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯ ಊರಿನಲ್ಲಿ. ಅಲ್ಲಿಂದ ರಾಯದುರ್ಗ, ಆದವಾನಿ ಏನು ದೂರ? ಈಚೆ ಕೊಲ್ಲಾಪುರದಲ್ಲಿ ಪಾಟಾಕಡೀಲ್, ದಿಲ್‌ಬಹಾರ್, ಖಂಡೋಬಾ ತಾಲೀಮುಗಳ ಪಂದ್ಯಕ್ಕೆ ಶಾಹು ಸ್ಟೇಡಿಯಂ ತುಂಬುತ್ತದೆ. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಆಡಿದ ಅನಿಕೇತ್ ಜಾಧವ್ ಆ ಊರಿನವನೇ. ಜತ್ತ, ಅಕ್ಕಲಕೋಟದ ಕನ್ನಡ ಶಾಲೆಯ ಹುಡುಗರು ಕಬಡ್ಡಿ, ಖೋ-ಖೋ ಆಡಿ ಕಾಲು ಗಟ್ಟಿ ಮಾಡಿಕೊಂಡವರು. ಇವರನ್ನು ನೋಡಲು ಬೆಂಗಳೂರಿನಿಂದ ಒಬ್ಬರಾದರೂ ಒಮ್ಮೆ ಬರಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಇರಲಿ. ಲೀಗಿನಲ್ಲಿ ಮೂರನೇ ಸ್ಥಾನ, 38 ಅಂಕ. ನಾಕೌಟಿನಲ್ಲಿ ಮುಂಬಯಿ ಸಿಟಿಗೆ 5-0. ಮರುದಿನ ಚಹಾದಂಗಡಿಯಲ್ಲಿ ‘ಕಾಯ್ ಝಾಲಂ’ ಎಂಬ ಪ್ರಶ್ನೆ ಬರಲಿಲ್ಲ, ಗೆಳೆಯನೂ ಬರಲಿಲ್ಲ. ಸೆಮಿಫೈನಲ್‌ನಲ್ಲಿ ಗೋವಾ. ಕಂಠೀರವದಲ್ಲಿ 2-0 ಗೆದ್ದು, ಫತೋರ್ಡಾಕ್ಕೆ ಹೋದರೆ ಅಲ್ಲಿ ಗೋವಾದವರು ಎರಡು ಗೋಲು ಹೊಡೆದು ಲೆಕ್ಕ ಸರಿ ಮಾಡಿದರು. ಆಟ ಮುಗಿಯುವ ಹೊತ್ತಿಗೆ, 90 ನಿಮಿಷ ದಾಟಿದ ಮೇಲೆ, ಛೆಟ್ರಿಯ ತಲೆ. ಒಟ್ಟು 3-2. ವಾಸ್ಕೊ, ಮಡಗಾಂವದ ಕನ್ನಡ ಮನೆಗಳಲ್ಲಿ ಆ ರಾತ್ರಿ ಜೋರಾಗಿ ಕೂಗಲೂ ಬಾರದು, ಸುಮ್ಮನೆ ಕೂಡಲೂ ಬಾರದು ಎಂಬ ಸ್ಥಿತಿ ಇದ್ದಿರಬೇಕು. ಕಾಸರಗೋಡಿನವರಿಗೆ ಇದು ಹೊಸದಲ್ಲ. 2023ರ ಮಾರ್ಚ್ 3ರಂದು ಛೆಟ್ರಿ ಗೋಡೆ ನಿಲ್ಲುವ ಮೊದಲೇ ಫ್ರೀಕಿಕ್ ಹೊಡೆದು ಗೋಲು ಮಾಡಿದಾಗ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದಿತ್ತು, ಆಮೇಲೆ ಆ ಕ್ಲಬ್ಬಿಗೆ 4 ಕೋಟಿ ದಂಡ ಬಿತ್ತು. ಆ ವಾರ ಅಲ್ಲಿನ ಕನ್ನಡ ಹುಡುಗರು ಕಾಲೇಜಿನಲ್ಲಿ ಏನೇನು ಕೇಳಿಸಿಕೊಂಡಿರಬಹುದೆಂದು ಊಹಿಸಬಹುದು.

ಫೈನಲ್ 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ. ಮೋಹನ್ ಬಾಗಾನ್ ತನ್ನದೇ ಗೋಲಿಗೆ ಚೆಂಡು ಹೊಡೆದುಕೊಂಡು ಬೆಂಗಳೂರಿಗೆ ಮುನ್ನಡೆ ಕೊಟ್ಟಿತು. ನಂತರ ಪೆನಾಲ್ಟಿಯಿಂದ ಸಮ. ಹೆಚ್ಚುವರಿ ಆಟದಲ್ಲಿ ಮೆಕ್ಲಾರೆನ್ ಗೋಲು, 2-1. ಸೋಲು. ಅಡತಿ ಅಂಗಡಿಯ ಅಭಿಮಾನಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಅವನ ಮನೆಯವಳು ಹೇಳುತ್ತಾಳೆ. ಮೂರನೇ ದಿನ ಹೇಳಿದನಂತೆ, ‘ಬರೋ ವರ್ಷ ನೋಡ್ಕೊಳ್ಳೂಣು’ ಎಂದು.

ಆ ‘ಬರೋ ವರ್ಷ’ವೇ ಬರಲಿಲ್ಲ. ಅಭಿಮಾನಿಯ ದೂರು ಇಲ್ಲಿಂದ ಶುರು.

ಲೆಕ್ಕ ಬರೆಯುವವನಿಗೆ ಇದು ಬೇಗ ತಿಳಿಯುತ್ತದೆ. ಭಾರತೀಯ ಫುಟ್ಬಾಲ್ ಫೆಡರೇಶನ್ 2010ರ ಡಿಸೆಂಬರ್‌ನಲ್ಲಿ 15 ವರ್ಷದ ಕರಾರು ಮಾಡಿಕೊಂಡಿತ್ತು. 2014ರಿಂದ ಐಎಸ್‌ಎಲ್ ನಡೆಸಿದ್ದು ಆ ಕರಾರಿನ ಮೇಲೆ, ರಿಲಯನ್ಸ್ ಬಳಗದ ಎಫ್‌ಎಸ್‌ಡಿಎಲ್ ಕಂಪನಿ. ಫೆಡರೇಶನ್ನಿಗೆ ವರ್ಷಕ್ಕೆ 50 ಕೋಟಿ ಬರುತ್ತಿತ್ತು. ಕರಾರು ಮುಗಿಯುವುದು 2025ರ ಡಿಸೆಂಬರ್ 8ಕ್ಕೆ ಎಂಬುದು ಸಹಿ ಹಾಕಿದ ದಿನವೇ ಗೊತ್ತಿದ್ದ ಸಂಗತಿ. ಇಡೀ ವ್ಯವಹಾರದಲ್ಲಿ ಖಾತ್ರಿ ಇದ್ದ ತಾರೀಖು ಅದೊಂದೇ. ಅದನ್ನೇ ಯಾರೂ ಗೋಡೆಗೆ ಬರೆದುಕೊಳ್ಳಲಿಲ್ಲ. ಅಂಗಡಿಯ ಬಾಡಿಗೆ ಕರಾರು ಮುಗಿಯಲು ಆರು ತಿಂಗಳಿದ್ದಾಗಲೇ ಮಾಲೀಕರ ಮನೆ ಬಾಗಿಲಿಗೆ ಹೋಗುವುದು ಪೇಟೆಯ ಸಣ್ಣ ವ್ಯಾಪಾರಿಗೂ ಗೊತ್ತು.

2025ರ ಜುಲೈಯಲ್ಲಿ, ಹೊಸ ಕರಾರು ಆಗಿಲ್ಲ, ಲೀಗ್ ತಡೆಹಿಡಿಯಲಾಗಿದೆ ಎಂಬ ಸುದ್ದಿ ಬಂತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಪಗಾರ ಅನಿರ್ದಿಷ್ಟ ಕಾಲ ನಿಲ್ಲಿಸಿತು. ಹೀಗೇ ಆದರೆ ಬಾಗಿಲು ಹಾಕಬೇಕಾದೀತು ಎಂದು ಅದೇ ತಿಂಗಳು 11 ಕ್ಲಬ್ಬುಗಳು ಫೆಡರೇಶನ್ನಿಗೆ ಬರೆದವು. ಫೆಡರೇಶನ್ನಿನ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿತ್ತು, ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಬಳಿಕ ಟೆಂಡರ್ ಕರೆದರು. ನವೆಂಬರ್ ಗಡುವಿಗೆ ಒಂದೂ ಬಿಡ್ ಬರಲಿಲ್ಲ. ವರ್ಷದ ಕೊನೆಗೆ ಮುಂಬಯಿ ಸಿಟಿಯಲ್ಲಿ ದುಡ್ಡು ಹಾಕಿದ್ದ ಸಿಟಿ ಫುಟ್ಬಾಲ್ ಗ್ರೂಪ್ ಕೂಡ ಕೈ ಕೊಡವಿ ಹೋಯಿತು. ಆಗ ಮಾತ್ರ ಚಹಾದಂಗಡಿಯಲ್ಲಿ ಇಬ್ಬರ ಮುಖವೂ ಒಂದೇ ತರಹ ಇತ್ತು.

ಕ್ಲಬ್ಬಿನ ಮಾಲೀಕರನ್ನು ಪೂರ್ತಿ ಬೈಯುವುದೂ ನ್ಯಾಯವಲ್ಲ. ಆಟವಿಲ್ಲದೆ ಟಿಕೆಟ್ ಇಲ್ಲ, ಟಿವಿ ಹಣವಿಲ್ಲ, ಜಾಹೀರಾತಿಲ್ಲ, ಆದರೆ ಖರ್ಚು ನಿಲ್ಲುವುದಿಲ್ಲ. ಆದರೂ ಒಂದು ಮಾತು. ಪಗಾರ ನಿಂತಾಗ ಹೆಸರು ಇರುವ ಆಟಗಾರ ಹೇಗೋ ದಾಟುತ್ತಾನೆ. ಮೈದಾನದ ಹುಲ್ಲು ನೋಡುವವ, ಬಟ್ಟೆ ಒಗೆಯುವವ, ತಂಡದ ಬಸ್ಸು ಓಡಿಸುವವ ಏನು ಮಾಡಬೇಕು? ಹತ್ತು ವರ್ಷ ಲಾಭ-ನಷ್ಟ ನೋಡದೆ ತಂಡ ನಡೆಸಿದೆವು ಎನ್ನುವವರು, ಇವರ ಮೂರು ತಿಂಗಳ ಪಗಾರವನ್ನು ಬೇರೆ ಖಾತೆಯಲ್ಲಿ ತೆಗೆದಿಡಬೇಕಿತ್ತು. ಬಿ.ಕಾಂ. ಮೊದಲ ವರ್ಷದಲ್ಲೇ ಕಲಿಸುವ ಪಾಠ ಅದು.

ಕೊನೆಗೆ 2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವರು ಹೇಳಿದರು: 14 ತಂಡ, ಫೆಬ್ರುವರಿ 14ರಿಂದ ಆಟ, 91 ಪಂದ್ಯ, ಎದುರಾಳಿಯ ಜೊತೆ ಒಂದೇ ಸಲ. ಅಂದರೆ ತಂಡಕ್ಕೆ 13 ಪಂದ್ಯ. ಹಿಂದಿನ ಹಂಗಾಮಿನಲ್ಲಿ 24 ಇದ್ದವು, ಅದರಲ್ಲಿ ಅರ್ಧ ಮನೆಯಂಗಳದಲ್ಲಿ. ಈಗ ಮನೆಯಂಗಳಕ್ಕೆ ಬರುವುದು ಲೆಕ್ಕದ ಪ್ರಕಾರ ಆರೋ ಏಳೋ. ಆಟ ಆಯಿತಲ್ಲ ಎಂಬ ಸಮಾಧಾನ ಒಂದು ಕಡೆ. ಆದರೆ ಅದು ಹಂಗಾಮಲ್ಲ, ಬರಗಾಲದ ಪರಿಹಾರದ ಕೆಲಸ ಎಂದರೆ ಹೆಚ್ಚು ಸರಿ. 13 ಪಂದ್ಯದಲ್ಲಿ ಎರಡು ಸೋತರೆ ತಿದ್ದಿಕೊಳ್ಳಲು ಸಮಯವೇ ಇಲ್ಲ.

ಅಭಿಮಾನಿ ಕೇಳುವುದು ಕಪ್ಪಲ್ಲ. ಅಕ್ಕಲಕೋಟದವ ವರ್ಷಕ್ಕೊಮ್ಮೆ ಕಂಠೀರವಕ್ಕೆ ಹೋಗಬೇಕಾದರೆ ಸೊಲ್ಲಾಪುರದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯಬೇಕು, ಮರುದಿನ ಮುಂಜಾನೆ ಬೆಂಗಳೂರು. ಸೇಠರ ಹತ್ತಿರ ಎರಡು ದಿನ ರಜೆ ಕೇಳಬೇಕು, ಮಗನ ಪರೀಕ್ಷೆ ನೋಡಬೇಕು, ಪೀಣ್ಯದಲ್ಲಿರುವ ಸೋದರಮಾವನಿಗೆ ಫೋನ್ ಮಾಡಬೇಕು. 2024ರ ನವೆಂಬರ್‌ನಿಂದ ರೈಲ್ವೆಯವರು 60 ದಿನ ಮೊದಲು ರಿಸರ್ವೇಶನ್ ಕೊಡುತ್ತಾರೆ. ಲೀಗಿನವರು ಆಟ ಇದೆ ಎಂದು ಹೇಳಿದ್ದು 39 ದಿನ ಮೊದಲು, ಯಾವ ದಿನ ಯಾರ ಜೊತೆ ಎಂಬ ಪಟ್ಟಿ ಅದಕ್ಕೂ ಆಮೇಲೆ. ಹೋಗಬೇಕೆಂದವನ ಪಾಲಿಗೆ ವೇಟಿಂಗ್ ಲಿಸ್ಟ್.

ಹೊಸ ಕರಾರು ಯಾರ ಜೊತೆ ಬೇಕಾದರೂ ಆಗಲಿ, ಎಷ್ಟು ವರ್ಷಕ್ಕಾದರೂ ಆಗಲಿ. ಅದರಲ್ಲಿ ಒಂದು ಸಾಲು ಇರಲಿ: ಪ್ರತಿ ಹಂಗಾಮಿನ ಪಂದ್ಯಪಟ್ಟಿ ಆಟ ಶುರುವಾಗುವ 60 ದಿನ ಮೊದಲೇ ಪ್ರಕಟವಾಗಬೇಕು. ಚಹಾದಂಗಡಿಯ ಅಭಿಮಾನಿ ಇದನ್ನೇ ಇನ್ನೂ ಸಣ್ಣದಾಗಿ ಹೇಳುತ್ತಾನೆ: “ತಾರೀಖು ಹೇಳ್ರಿ, ಉಳಿದದ್ದ ನಾವು ನೋಡ್ಕೋತೀವಿ.” ಮುಂಬಯಿ ಗೆಳೆಯನೂ ಈ ಸಲ ಅವನ ಜೊತೆ ಬರುವವನಿದ್ದಾನೆ, ಎರಡು ಬರ್ತ್ ಬೇಕು.